ಕಾರವಾರದ ಕೆಂಪು ನೀರು: ಪಾಚಿ ಬಂದಾಗ ಸಮುದ್ರದಾಗಿನ ಕಬ್ಬಿಣ, ತಾಮ್ರ, ಝಿಂಕ್ ಎಲ್ಲಿ ಹೊಕ್ಕಾವ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ದು ತಿಕೋಟಾ ಹತ್ರ ದ್ರಾಕ್ಷಿ ತ್ವಾಟ ಐತ್ರಿ. ದೀಪಾವಳಿ ಸೂಟಿಗೆ ಮನಿ ಮಂದಿಯೆಲ್ಲಾ ಕಾರವಾರಕ್ಕ ಹೋಗಿದ್ವಿ. ಹಗಲೊತ್ತು ದಂಡಿ ನೀರು ಕೆಂಪಗ ಕಂಡ್ತು, ರಾತ್ರಿ ತೆರಿ ಬಡದಾಗ ನೀಲಿ ಮಿಂಚತಿತ್ತು. ಪಾಚಿ ಬ್ಲೂಮ್ ಬಂದೈತಿ, ಅಂದ್ರ ಪಾಚಿ ಒಮ್ಮೆಲೇ ಉಕ್ಕಿ ಬೆಳದೈತಿ ಅಂದ್ರು. ಒಬ್ಬಾಂವ ಅಂದ, ಈ ಪಾಚಿ ನೀರಾಗಿನ ಲೋಹ ಎಲ್ಲಾ ಹೀರಿ ಸಮುದ್ರ ಸ್ವಚ್ಛ ಮಾಡ್ತೈತಿ ಅಂತ. ಇನ್ನೊಬ್ಬಾಂವ ಅಂದ, ಅದ ಲೋಹ ಮೀನಿನ ಮೈಗೆ ಸೇರತೈತಿ, ಈಗ ಮೀನ ತಿನಬ್ಯಾಡ್ರಿ ಅಂತ. ಯಾವ್ದು ಖರೆ? ಮತ್ತ ಇಂಥಾ ಪಾಚಿಗೆ ನಾವು ತ್ವಾಟಕ್ಕ ಹೊಡಿಯೂ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದ್ರ ಹೊಕ್ಕೈತೇನು? ನಮ್ಮ ಮಗಳು ಬೆಳಗಾವ್ಯಾಗ ಎಂಎಸ್ಸಿ ಕೆಮಿಸ್ಟ್ರಿ ಓದಾಕತ್ತಾಳ, ಪ್ರಾಜೆಕ್ಟಿಗೆ ಅಲ್ಲಿ ನೀರು ಬಾಟ್ಲಿ ತುಂಬಿ ತಂದು ಲೋಹ ಟೆಸ್ಟ್ ಮಾಡಿದ್ರ ನಡಿತೈತೇನ್ರಿ?

ಉತ್ತರ: ಅಣ್ಣಾರ, ಇಬ್ರೂ ಅರ್ಧರ್ಧ ಖರೆ ಹೇಳ್ಯಾರ. ಪಾಚಿ ಲೋಹ ಹೀರತೈತಿ, ಅದು ಖರೆ, ಆದ್ರ ಹೀರಿದ್ದು ಎಲ್ಲೂ ಮಾಯ ಆಗಂಗಿಲ್ಲ, ಯೂರಿಯಾ ಹಂಗ ಗಾಳಿಗೆ ಹಾರಿ ಹೋಗೂ ವಸ್ತು ಅಲ್ಲ ಅದು. ನೀರಾಗ ಕರಗಿದ್ದು ಪಾಚಿ ಮೈಯಾಗ ಬರತೈತಿ, ಪಾಚಿ ಸತ್ರ ತಳಕ್ಕ ಇಳಿತೈತಿ, ಇಲ್ಲಾ ತಿಂದ ಹುಳದ ಹೊಟ್ಟಿಗೆ ಹೊಕ್ಕೈತಿ, ಇಲ್ಲಾ ತಿರಗಿ ನೀರಿಗೆ ಬಂದು ಕರಗತೈತಿ. ಹಂಗಾಗಿ ನೀರಾಗ ಲೋಹ ಎಷ್ಟೈತಿ ಅನ್ನೂದಕ್ಕಿಂತ ಯಾವ ರೂಪದಾಗ ಐತಿ, ಈ ಹೊತ್ತಿನ್ಯಾಗ ಎಲ್ಲಿ ಐತಿ ಅಂತ ಕೇಳಬೇಕು. ಮತ್ತ ಎಲ್ಲಾ ಲೋಹಕ್ಕೂ ಒಂದ ಉತ್ತರ ಇಲ್ಲ, ಕಬ್ಬಿಣದ ದಾರಿ ಬ್ಯಾರೆ, ತಾಮ್ರದ್ದು ಬ್ಯಾರೆ, ಕ್ಯಾಡ್ಮಿಯಂದು ಇನ್ನೂ ಬ್ಯಾರೆ.

ಮೊದ್ಲ ನೀವು ನೋಡಿದ್ದು ಏನು ಅಂತ ಹೇಳಿಬಿಡ್ತೇನಿ. ಹಗಲ ಕೆಂಪು, ರಾತ್ರಿ ನೀಲಿ ಬೆಳಕು ಅಂದ್ರ ಹೆಚ್ಚಾನ ಹೆಚ್ಚು ಅದು ನಾಕ್ಟಿಲೂಕಾ. ಒಂದೊಂದೂ ಒಂದ ಜೀವಕೋಶದ್ದು, ಆದ್ರ ಅಗಲ ಅರ್ಧ ಮಿಲಿಮೀಟರ್ ಆಸುಪಾಸು, ಕೆಲವು ಎರಡು ಮಿಲಿಮೀಟರ್ ತನಕ ಬೆಳಿತಾವ, ಗಾಜಿನ ಲೋಟದಾಗ ನೀರು ಹಿಡದು ಬೆಳಕಿಗೆ ಎತ್ತಿದ್ರ ಬರೇ ಕಣ್ಣಿಗೆ ಚುಕ್ಕಿ ಚುಕ್ಕಿ ಕಾಣತಾವ. ಮಜಾ ಏನಂದ್ರ, ಕೆಂಪು ನಾಕ್ಟಿಲೂಕಾ ಬಿಸಲಿನ್ಯಾಗ ತನ್ನ ಊಟ ತಾನ ಮಾಡ್ಕೊಳ್ಳೂ ಜಾತಿ ಅಲ್ಲ, ಅದು ಬ್ಯಾರೆ ಪಾಚಿ ತಿಂದು ಬದುಕತೈತಿ. ಮಳಿಗಾಲದಾಗ ಡಯಾಟಮ್ ಅನ್ನೂ ಗಾಜಿನ ಚಿಪ್ಪಿನ ಪಾಚಿ ರಾಶಿಗಟ್ಲೆ ಬೆಳದಿರ್ತಾವಲ್ಲ, ಅದನ್ನ ಮೇದು ಇದು ಹೆಚ್ಚಾಗತೈತಿ. ಅಂದ್ರ ನೀವು ಕೆಂಪು ನೋಡೂದ್ರಾಗ ನೀರಾಗಿನ ಲೋಹ ಹೀರೂ ಕೆಲಸ ಭಾಳಷ್ಟು ಮುಗದ ಹೋಗಿರ್ತೈತಿ, ನಾಕ್ಟಿಲೂಕಾ ಆ ಲೋಹ ತುಂಬಿದ ಪಾಚೀನ ತಿಂದು ಕುಂತಿರ್ತೈತಿ. ಉತ್ತರ ಅರಬ್ಬಿ ಸಮುದ್ರದಾಗ ಚಳಿಗಾಲಕ್ಕ ಬರೂ ಹಸರು ನಾಕ್ಟಿಲೂಕಾ ಐತಲ್ಲ, ಅದು ಹೊಟ್ಯಾಗ ಸಣ್ಣ ಹಸರು ಪಾಚಿ ಸಾಕ್ಕೊಂಡಿರ್ತೈತಿ, ಅದರ ಕತಿ ಬ್ಯಾರೆ.

ಈಗ ಲೋಹದ ಮಾತು. ಒಂದು ಲೀಟರ್ ಸಮುದ್ರದ ನೀರಾಗ ಉಪ್ಪು 35 ಗ್ರಾಂ. ಅದ ಲೀಟರಿನ್ಯಾಗ ಕರಗಿದ ಕಬ್ಬಿಣ, ದಂಡಿಯಿಂದ ದೂರ ಹೋದ್ರ, 10-30 ನ್ಯಾನೊಗ್ರಾಂ, ಕೆಲವು ಕಡೆ ಅದಕ್ಕಿಂತ್ಲೂ ಕಡಿಮಿ. ಒಂದು ಗ್ರಾಮಿಗೆ 100 ಕೋಟಿ ನ್ಯಾನೊಗ್ರಾಂ ಅಂತ ಲೆಕ್ಕ ಹಾಕ್ರಿ, ಆಗ ಗೊತ್ತಾಗತೈತಿ ಎಷ್ಟು ಸಣ್ಣ ಮಾತು ಆಡಾಕತ್ತೇವಿ ಅಂತ. ದಂಡಿ ಹತ್ರ ಇದರ ಹತ್ತಿಪ್ಪತ್ತು ಪಟ್ಟು ಇರಬಹುದು, ಹೊಳಿ ಸೇರೂ ಜಾಗಾದಾಗ ಇನ್ನೂ ಹೆಚ್ಚು. ನಮ್ಮ ಭೂಮ್ಯಾಗ ಕಬ್ಬಿಣಕ್ಕ ಬರ ಇಲ್ಲ, ಸಮುದ್ರದಾಗ ಯಾಕ ಇಷ್ಟು ಕಡಿಮಿ ಅಂತ ಕೇಳಿದ್ರ ಅದರ ಉತ್ತರ ನಿಮ್ಮ ತ್ವಾಟದಾಗ ಐತಿ. ನಿಮ್ಮ ಕಡೆ ಸುಣ್ಣದಂಶ ಹೆಚ್ಚಿರೂ ಎರಿ ಭೂಮ್ಯಾಗ ಪಿಎಚ್ 8ರ ಮ್ಯಾಲ ಹೋದಾಗ ದ್ರಾಕ್ಷಿ ಎಳಿ ಎಲಿ ಹಳದಿ ಆಗಿ ನರ ಅಷ್ಟ ಹಸರು ಉಳಿತಾವಲ್ಲ, ಮಣ್ಣಾಗ ಕಬ್ಬಿಣ ಬೇಕಾದಷ್ಟು ಇದ್ರೂ ಬೇರಿಗೆ ಸಿಗಂಗಿಲ್ಲ, ಯಾಕಂದ್ರ ಆ ಪಿಎಚ್‌ದಾಗ ಗಾಳಿ ತಾಗಿದ ಕಬ್ಬಿಣ ತುಕ್ಕಾಗಿ ಕುಂದರತೈತಿ. ಸಮುದ್ರದ ಪಿಎಚ್ ಸುಮಾರು 8.1, ಅದ ಕತಿ. ನೀವು ಏನ್ ಮಾಡ್ತೀರಿ, ಬರೇ ಫೆರಸ್ ಸಲ್ಫೇಟ್ ಮಣ್ಣಿಗೆ ಹಾಕೂದು ಬಿಟ್ಟು ಚಿಲೇಟೆಡ್ ಐರನ್ ಕೊಡ್ತೀರಿ, ಅಂದ್ರ ಕಬ್ಬಿಣಾನ ಒಂದು ಸಾವಯವ ಅಣು ಅಪ್ಪಿ ಹಿಡಕೊಂಡು ತುಕ್ಕಾಗದಂಗ ಕಾಯತೈತಿ. ಸಮುದ್ರದಾಗೂ ಹಂಗ, ಕರಗಿದ ಕಬ್ಬಿಣದಾಗ 99 ಪರ್ಸೆಂಟಿಗಿಂತ ಹೆಚ್ಚಿಂದು ಇಂಥಾ ಚಿಲೇಟ್ ರೂಪದಾಗ ಇರತೈತಿ. ಆ ಚಿಲೇಟ್ ತಯಾರಿಸೂ ಕಂಪನಿ ಅಂದ್ರ ಬ್ಯಾಕ್ಟೀರಿಯಾ, ಪಾಚಿ, ಮತ್ತ ಸತ್ತು ಕೊಳತ ಜೀವಿಗಳು. ಈ ಒಂದು ಮಾತು ತಲ್ಯಾಗ ಇಟ್ಕೊಳ್ರಿ, ಮುಂದಿಂದೆಲ್ಲಾ ಸಲೀಸು.

ಪಾಚಿಗೆ ಲೋಹ ಯಾಕ ಬೇಕು? ಗಿಡಕ್ಕ ಬೇಕಾದ ಕಾರಣಕ್ಕ. ಬಿಸಲು ಹಿಡಿಯೂ ಯಂತ್ರಕ್ಕ ಕಬ್ಬಿಣ, ನೀರು ಒಡದು ಆಕ್ಸಿಜನ್ ಬಿಡಾಕ ಮ್ಯಾಂಗನೀಸ್, ಕಾರ್ಬನ್ ಡೈಆಕ್ಸೈಡ್ ಒಳಗ ಎಳಕೊಳ್ಳೂ ಎನ್‌ಜೈಮಿಗೆ ಝಿಂಕ್, ಬಿ12 ವಿಟಮಿನ್ನಿಗೆ ಕೋಬಾಲ್ಟ್. 2003ರಾಗ 15 ಜಾತಿ ಸಮುದ್ರ ಪಾಚಿ ಲ್ಯಾಬಿನ್ಯಾಗ ಬೆಳಸಿ ಮೈಯಾಗಿನ ಲೋಹ ಅಳದ್ರು. 1000 ಫಾಸ್ಫರಸ್ ಪರಮಾಣುವಿಗೆ ಕಬ್ಬಿಣ 7-8, ಮ್ಯಾಂಗನೀಸ್ 4ರ ಆಸುಪಾಸು, ಝಿಂಕ್ 1ಕ್ಕಿಂತ ಚೂರು ಕಡಿಮಿ, ತಾಮ್ರ ಅರ್ಧದೊಳಗ, ಕೋಬಾಲ್ಟ್ ಮತ್ತ ಕ್ಯಾಡ್ಮಿಯಂ 0.2ರಷ್ಟು ಬಂತು. ಇದು ಸರಾಸರಿ, ಜಾತಿಯಿಂದ ಜಾತಿಗೆ ಭಾಳ ಫರಕ್ ಐತಿ. ಕ್ಯಾಡ್ಮಿಯಂ ಅಂದ್ರ ಬರೇ ವಿಷ ಅಂತ ನಾವು ಓದಿರ್ತೇವಿ, ಆದ್ರ ಥಲಾಸಿಯೊಸೈರಾ ಅನ್ನೂ ಡಯಾಟಮ್ ಝಿಂಕ್ ಸಿಗಲಿಲ್ಲಾಂದ್ರ ಅದ ಕಾರ್ಬನ್ ಎಳಕೊಳ್ಳೂ ಕೆಲಸಕ್ಕ ಕ್ಯಾಡ್ಮಿಯಂ ಬಳಸತೈತಿ, ಆ ಎನ್‌ಜೈಮಿನ ಬಗ್ಗೆ 2005ರಾಗ ಪೂರ್ತಿ ವಿವರ ಬಂತು. ಕ್ಯಾಡ್ಮಿಯಂ ಹಿಂಗ ಉಪಯೋಗಕ್ಕ ಬರೂ ಇನ್ನೊಂದು ಜೀವಿ ಉದಾಹರಣಿ ಸಿಗೂದ ಕಠಿಣ.

ಹಂಗಾದ್ರ ಬ್ಲೂಮ್ ಬಂದಾಗ ನೀರಾಗಿನ ಲೋಹ ಖರೇನ ಇಳಿತೈತೇನು ಅಂದ್ರ, ಕೆಲವು ಇಳಿತಾವ. ಇದಕ್ಕ ಭಾಳ ಚೊಲೋ ಉದಾಹರಣಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿದು. ಅಲ್ಲಿ ದಕ್ಷಿಣ ಭಾಗಕ್ಕ ಊರಿನ ಚರಂಡಿ ನೀರು ಶುದ್ಧ ಮಾಡಿ ಬಿಡ್ತಾರ, ಅದ್ರಾಗ ಚೂರು ಚೂರು ಲೋಹ ಇರತೈತಿ. 1994ರ ವಸಂತದಾಗ ಪಾಚಿ ಉಕ್ಕಿದಾಗ ಮೊದ್ಲು, ನಡುವ, ಆಮ್ಯಾಲ ಅಂತ ಸ್ಯಾಂಪಲ್ ತಗೊಂಡ್ರು. ಕ್ಯಾಡ್ಮಿಯಂ, ನಿಕ್ಕಲ್, ಝಿಂಕ್ ಮೂರೂ ಎದ್ದು ಕಾಣೂ ಹಂಗ ಇಳದ್ವು, ತಾಮ್ರ ಮಾತ್ರ ಜಪ್ಪಯ್ಯ ಅನ್ಲಿಲ್ಲ. ಒಂದು ವರ್ಷದಾಗ ಆ ಶುದ್ಧೀಕರಣ ಘಟಕದಿಂದ ಬರೂ ಕ್ಯಾಡ್ಮಿಯಂ, ನಿಕ್ಕಲ್, ಝಿಂಕಿನ ಸುಮಾರು 60 ಪರ್ಸೆಂಟಿನಷ್ಟು ಪಾಚಿ ಮೈಯೊಳಗ ಹೊಕ್ಕು ಹೊಂಟೈತಿ ಅಂತ ಲೆಕ್ಕ ಹಾಕಿದ್ರು. ನಿಮ್ಮ ಮೊದ್ಲನೇ ದೋಸ್ತ ಹೇಳಿದ ಸ್ವಚ್ಛ ಮಾಡೂ ಮಾತು ಇಷ್ಟರ ಮಟ್ಟಿಗೆ ಸೈ. ಆದ್ರ ಪಾಚಿ ಕೊಲ್ಲಿ ಬಿಟ್ಟು ಎಲ್ಲಿಗೂ ಹೋಗಲಿಲ್ಲಲ್ಲ, ಅಲ್ಲೇ ಸತ್ತು ಅಲ್ಲೇ ತಳಕ್ಕ ಬಿತ್ತು. ಕೆರಿಗೆ, ಕೃಷಿ ಹೊಂಡಕ್ಕ ಪಾಚಿ ಬಿಟ್ಟು ಲೋಹ ತಗೀತೇವಿ ಅಂತ ಯಾರರ ಸಾಮಾನು ಮಾರಾಕ ಬಂದ್ರ ಒಂದ ಪ್ರಶ್ನೆ ಕೇಳ್ರಿ: ಬೆಳದ ಪಾಚೀನ ಹೊರಗ ತಗದು ಎಲ್ಲಿ ಒಗೀತೀರಿ? ತಗಿಯಂಗಿಲ್ಲ ಅಂದ್ರ ರೊಕ್ಕ ದಂಡ.

ತಾಮ್ರ ಯಾಕ ಇಳೀಲಿಲ್ಲ? ಅದೂ ಚಿಲೇಟಿನ ಕತೀನ. ದಂಡಿ ನೀರಾಗಿನ ತಾಮ್ರಾನ ಸಾವಯವ ಅಣುಗಳು ಎಷ್ಟು ಗಟ್ಟಿ ಹಿಡಕೊಂಡಿರ್ತಾವ ಅಂದ್ರ ಪಾಚಿ ಬಾಯಿಗೆ ಅದು ಸುಲಭಕ್ಕ ಸಿಗಂಗಿಲ್ಲ. ಪಾಚಿಗೂ ಅದ ಬೇಕಾಗೈತಿ, ಯಾಕಂದ್ರ ತಾಮ್ರ ಚೂರು ಬೇಕು, ಹೆಚ್ಚಾದ್ರ ವಿಷ. ಸಿನೆಕೊಕಾಕಸ್ ಅನ್ನೂ ಸಣ್ಣ ನೀಲಿ-ಹಸರು ಪಾಚಿಗಂತೂ ಯಾವ ಅಣುವೂ ಹಿಡಕೊಳ್ಳದ ಬಿಡಿ ತಾಮ್ರ ಒಂಚೂರು ಏರಿದ್ರೂ ತಡಕೊಳ್ಳೂದು ಆಗಂಗಿಲ್ಲ, ಅದಕ್ಕ ಅದು ತಾನ ತಾಮ್ರ ಹಿಡಿಯೂ ಅಣು ತಯಾರಿಸಿ ನೀರಿಗೆ ಬಿಡತೈತಿ. ಹಿಂಗ ಬ್ಲೂಮ್ ಬಂದಾಗ ಒಟ್ಟು ತಾಮ್ರ ಅಷ್ಟ ಇದ್ರೂ ವಿಷ ಆಗೂ ಬಿಡಿ ತಾಮ್ರ ಕಡಿಮಿ ಆಗಬಹುದು. ರಿಪೋರ್ಟಿನ್ಯಾಗ ಬರೇ ಒಟ್ಟು ತಾಮ್ರ ಬರದಿದ್ರ ಈ ವಿಷಯ ಕಾಣಂಗ ಇಲ್ಲ, ನಮ್ಮ ದೇಶದಾಗ ಬರೂ ಎಷ್ಟೋ ರಿಪೋರ್ಟ್ ಹಿಂಗ ಅದಾವ, ನನಗ ಅದರ ಬಗ್ಗೆ ಬ್ಯಾಸರ ಐತಿ, ಇರ್ಲಿ.

ನೀವು ಕೇಳಿದ ಮೈಲುತುತ್ತದ್ದು ಇಲ್ಲೇ ಹೇಳಿಬಿಡ್ತೇನಿ. ಅದನ್ನ ಮಾಡಿ ನೋಡ್ಯಾರ. ಫ್ಲೋರಿಡಾದಾಗ 1957ರಾಗ ಕೆಂಪು ಪಾಚಿ ಕಾಟಕ್ಕ ಬ್ಯಾಸತ್ತು ಬೆಳಿಗೆ ಔಷಧ ಹೊಡಿಯೂ ವಿಮಾನ ತಂದು ಸಮುದ್ರಕ್ಕ ಮೈಲುತುತ್ತ ಹೊಡದ್ರು. ಪಾಚಿ ಸತ್ತಿದ್ದು ಖರೆ, ಆದ್ರ ಸ್ವಲ್ಪ ದಿವಸದಾಗ ತಿರಗಿ ಬಂತು, ಖರ್ಚು ಬ್ಯಾರೆ ತಲಿ ಮ್ಯಾಲ, ಮತ್ತ ಬ್ಯಾರೆ ಜೀವಿಗೂ ತ್ರಾಸ. ಅಷ್ಟ ಅಲ್ಲ, ಒಮ್ಮೆಲೇ ಸತ್ತ ಪಾಚಿ ತನ್ನೊಳಗಿನ ವಿಷಾನೂ ಲೋಹಾನೂ ಒಮ್ಮೆಲೇ ನೀರಿಗೆ ಬಿಡತೈತಿ. ನಿಮ್ಮ ಕೃಷಿ ಹೊಂಡಕ್ಕ ಹಾಕೂದಿದ್ರೂ ಇದ ಮಾತು ನೆನಪಿರ್ಲಿ, ಹೊಂಡದಾಗ ಮೀನ ಸಾಕಿದ್ರಂತೂ ಹಾಕಾಕ ಹೋಗಬ್ಯಾಡ್ರಿ.

ಕ್ಯಾಡ್ಮಿಯಂದು ನನಗ ಎಲ್ಲಾಕ್ಕಿಂತ ಮಜಾ ಅನಸೂ ವಿಷಯ. 1976ರಾಗ ಒಂದು ಸಣ್ಣ ಪೇಪರ್ ಬಂತು, ಎಡ್ ಬಾಯ್ಲ್ ಅನ್ನೂ ಸಮುದ್ರ ವಿಜ್ಞಾನಿ ಮತ್ತ ಅವರ ಜೋಡಿದಾರರು ಬರದಿದ್ದು. ಸಮುದ್ರದಾಗ ಫಾಸ್ಫೇಟ್ ಎಲ್ಲಿ ಹೆಚ್ಚು ಅಲ್ಲಿ ಕ್ಯಾಡ್ಮಿಯಂ ಹೆಚ್ಚು, ಎಲ್ಲಿ ಕಡಿಮಿ ಅಲ್ಲಿ ಕಡಿಮಿ, ಎರಡೂ ಗೀಟು ಎಳದಂಗ ಜೋಡಿಲೆ ಹೊಂಟಾವ ಅಂತ ತೋರಿಸಿದ್ರು. ಕಾರಣ ಪಾಚೀನ. ಮ್ಯಾಲ ಬಿಸಲಿನ್ಯಾಗ ಪಾಚಿ ಎರಡನ್ನೂ ಹೀರತೈತಿ, ಸತ್ತು ಕೆಳಗ ಇಳದು ಕೊಳತಾಗ ಎರಡೂ ಆಳದಾಗ ಬಿಡುಗಡಿ ಆಗತಾವ. ಹಿಂಗಾಗಿ ಮ್ಯಾಲಿನ ನೀರಾಗ ಇಲ್ಲದಂಗ ಇರೂ ಕ್ಯಾಡ್ಮಿಯಂ ಆಳಕ್ಕ ಹೋದಂಗ ನೂರು ಪಟ್ಟು ತನಕ ಏರತೈತಿ. ಈಗ ನಮ್ಮ ದಂಡಿಗೆ ಬರ್ರಿ. ಮಳಿಗಾಲದಾಗ ಕೇರಳದಿಂದ ಕರ್ನಾಟಕದ ದಂಡಿ ತನಕ ಆಳದ ತಣ್ಣನ ನೀರು ಮ್ಯಾಲ ಏರಿ ಬರತೈತಿ, ಅದರ ಜೋಡಿ ಫಾಸ್ಫೇಟ್, ನೈಟ್ರೇಟ್ ಬರತಾವ, ಅದ ಗೊಬ್ಬರಕ್ಕ ಪಾಚಿ ಉಕ್ಕತೈತಿ. ಫಾಸ್ಫೇಟ್ ಬಂದ್ರ ಕ್ಯಾಡ್ಮಿಯಂ ಬರದ ಇರತೈತೇನು? ಅಂದ್ರ ಬ್ಲೂಮಿಗಿಂತ ಮೊದ್ಲು ಕ್ಯಾಡ್ಮಿಯಂ ಒಂಚೂರು ಏರಿ, ಬ್ಲೂಮಿನ್ಯಾಗ ಇಳದು ಹೊಕ್ಕೈತಿ, ಇದ್ರಾಗ ಯಾವ ಫ್ಯಾಕ್ಟರಿ ಕೈವಾಡಾನೂ ಇಲ್ಲ. ಯಾರರ ಒಂದ ತಿಂಗಳ ಸ್ಯಾಂಪಲ್ ಹಿಡಕೊಂಡು ಮಾಲಿನ್ಯ ಅಂತ ಸುದ್ದಿ ಮಾಡಿದ್ರ ಯಾವ ತಿಂಗಳದ್ದು ಅಂತ ಮೊದ್ಲ ಕೇಳ್ರಿ. ನೀವು ಹಾಕೂ ಡಿಎಪಿ ಒಳಗೂ ಚೂರು ಕ್ಯಾಡ್ಮಿಯಂ ಇರಬಹುದಲ್ಲ, ಅದಕ್ಕೂ ಹಿನ್ನೆಲಿ ಇದ, ಹಳೇ ಸಮುದ್ರದ ತಳದಾಗ ಆದ ಫಾಸ್ಫೇಟ್ ಕಲ್ಲಿನ್ಯಾಗ ಅದು ಜೋಡಿಲೆ ಸೇರಿರ್ತೈತಿ.

ಆರ್ಸೆನಿಕ್ ಇನ್ನೂ ವಿಚಿತ್ರ. ನೀರಾಗ ಅದರ ಸಾಮಾನ್ಯ ರೂಪ ಆರ್ಸೆನೇಟ್, ಅದು ನೋಡಾಕ ಫಾಸ್ಫೇಟ್ ಹಂಗ ಇರತೈತಿ, ಫಾಸ್ಫೇಟ್ ಸಾಲದಾಗ ಪಾಚಿ ಗುರ್ತು ತಪ್ಪಿ ಅದನ್ನೂ ಒಳಗ ಎಳಕೊಂಡುಬಿಡತೈತಿ. ಒಳಗ ಬಂದ ಮ್ಯಾಲ ವಿಷ ಅಂತ ಗೊತ್ತಾಗಿ ಅದನ್ನ ಆರ್ಸೆನೈಟ್ ಅನ್ನೂ ಇನ್ನೊಂದು ರೂಪ ಮಾಡಿ ಹೊರಗ ಹಾಕತೈತಿ, ಇಲ್ಲಾಂದ್ರ ಮಿಥೈಲ್ ಗುಂಪು ಅಂಟಿಸಿ ಬಿಡತೈತಿ. ಹಂಗಾಗಿ ಬ್ಲೂಮ್ ನೀರಾಗ ಒಟ್ಟು ಆರ್ಸೆನಿಕ್ ಬದಲಾಗದಿದ್ರೂ ಅದರ ರೂಪ ಪೂರಾ ಬದಲಾಗಿರ್ತೈತಿ.

ದಂಡಿ ಹತ್ರ ಕಬ್ಬಿಣಕ್ಕ ಅಂಥಾ ಬರ ಇರಂಗಿಲ್ಲ, ತಳದ ಮಣ್ಣು, ಹೊಳಿ, ಗಾಳಿಯಾಗಿನ ಧೂಳು ಮೂರೂ ಕಡಿಂದ ಬರತೈತಿ. ಹೊಳಿ ಅಂದಾಗ ನಮ್ಮ ಬೆಳಗಾವಿ ಜಿಲ್ಲಾದ್ದ ಹೇಳ್ತೇನಿ. ಖಾನಾಪುರ ತಾಲೂಕಿನ್ಯಾಗ ಬಿದ್ದ ಮಳಿ ಎರಡು ದಿಕ್ಕಿಗೆ ಹೊಕ್ಕೈತಿ, ಕಣಕುಂಬಿಯಾಗ ಹುಟ್ಟಿದ ಮಲಪ್ರಭಾ ಕೃಷ್ಣಾ ಸೇರಿ ಬಂಗಾಳ ಕೊಲ್ಲಿಗೆ, ಮಹದಾಯಿ ಗೋವಾದಾಗ ಮಾಂಡೋವಿ ಅಂತ ಹೆಸರಾಗಿ ಪಣಜಿ ಹತ್ರ ಅರಬ್ಬಿ ಸಮುದ್ರಕ್ಕ. ಮಾಂಡೋವಿ ದಂಡ್ಯಾಗ ವರ್ಷಾನುಗಟ್ಲೆ ಕಬ್ಬಿಣದ ಅದಿರು ಬಾರ್ಜಿನ್ಯಾಗ ಸಾಗಿಸಿದ್ರು, ಹಂಗಾಗಿ ಅದರ ತಳದ ಮಣ್ಣಾಗ ಕಬ್ಬಿಣ, ಮ್ಯಾಂಗನೀಸ್ ಜಾಸ್ತಿ. ಆದ್ರ ಹೊಳ್ಯಾಗಿಂದೆಲ್ಲಾ ಸಮುದ್ರ ಮುಟ್ಟತೈತಿ ಅಂತ ತಿಳ್ಕೋಬ್ಯಾಡ್ರಿ. ಸಿಹಿ ನೀರು ಉಪ್ಪುನೀರಿಗೆ ಕೂಡಿದ ಕೂಡ್ಲೇ ತೇಲಾಡೂ ಸಣ್ಣ ಕಬ್ಬಿಣದ ಕಣ ಒಂದಕ್ಕೊಂದು ಅಂಟಿ ಗಟ್ಟಿಯಾಗಿ ಅಳಿವಿನ್ಯಾಗ ಕುಂದರತೈತಿ, ಭಾಳಷ್ಟು ಪಾಲು ಅಲ್ಲೇ ಉಳಿತೈತಿ. ಕೃಷ್ಣಾದಂಥ ಹೊಳಿಗೆ ಆಲಮಟ್ಟಿ ಹಂಗ ಡ್ಯಾಮ್ ಮ್ಯಾಲ ಡ್ಯಾಮ್ ಅದಾವ, ಹೂಳಿನ ಜೋಡಿ ಡಯಾಟಮ್ ಚಿಪ್ಪಿಗೆ ಬೇಕಾದ ಗಾಜಿನ ಅಂಶ ಸಿಲಿಕಾನೂ ನಿಲ್ಲತೈತಿ, ಸಿಲಿಕಾ ಕಡಿಮಿ ಆದ್ರ ಡಯಾಟಮ್ ಹಿಂದ ಬಿದ್ದು ಬ್ಯಾರೆ ಜಾತಿ ಪಾಚಿ ಮುಂದ ಬರತಾವ. ಡ್ಯಾನ್ಯೂಬ್ ನದಿಗೆ ಡ್ಯಾಮ್ ಕಟ್ಟಿದ ಮ್ಯಾಲ ಕಪ್ಪು ಸಮುದ್ರದಾಗ ಹಿಂಗ ಆತು ಅಂತ 1997ರಾಗ ತೋರಿಸ್ಯಾರ.

ಸಿಲಿಕಾ ಇಲ್ಲಾಂದ್ರ ಏನಾಗತೈತಿ ಅನ್ನೂದಕ್ಕ ನಮ್ಮ ದೇಶದ್ದ ಒಂದು ಪ್ರಯೋಗ ಐತಿ. ಜಾನ್ ಮಾರ್ಟಿನ್ ಅನ್ನೂ ವಿಜ್ಞಾನಿ 1988ರಾಗ ಚಾಷ್ಟಿಗೆ ಅಂದಿದ್ರು, ಅರ್ಧ ಹಡಗು ಕಬ್ಬಿಣ ಕೊಡ್ರಿ, ಹಿಮಯುಗ ತಂದು ತೋರಿಸ್ತೇನಿ ಅಂತ, ಯಾಕಂದ್ರ ದೂರದ ಕೆಲವು ಸಮುದ್ರದಾಗ ಎಲ್ಲಾ ಗೊಬ್ಬರ ಇದ್ರೂ ಕಬ್ಬಿಣ ಒಂದ ಇಲ್ಲದ ಪಾಚಿ ಬೆಳಿಯಂಗಿಲ್ಲ. 2009ರಾಗ ಗೋವಾದ ಎನ್‌ಐಓ (ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ) ಮತ್ತ ಜರ್ಮನಿಯವರು ಕೂಡಿ ಪೋಲಾರ್‌ಸ್ಟರ್ನ್ ಹಡಗಿನ್ಯಾಗ ದಕ್ಷಿಣ ಮಹಾಸಾಗರಕ್ಕ ಹೋಗಿ 300 ಚದರ ಕಿಲೋಮೀಟರಿಗೆ ಟನ್‌ಗಟ್ಲೆ ಫೆರಸ್ ಸಲ್ಫೇಟ್ ಬಿಟ್ರು, ಲೋಹಾಫೆಕ್ಸ್ ಅಂತ ಅದರ ಹೆಸರು. ಪಾಚಿ ಬೆಳೀತು, ಆದ್ರ ಅಲ್ಲಿ ಸಿಲಿಕಾ ಇರಲಿಲ್ಲ, ಗಟ್ಟಿ ಚಿಪ್ಪಿನ ಡಯಾಟಮ್ ಬರಲಿಲ್ಲ, ಬಂದ ಮೆತ್ತನ ಪಾಚೀನ ಸಣ್ಣ ಸಿಗಡಿಯಂಥ ಹುಳಗಳು ಮೇದು ಮುಗಿಸಿದ್ವು, ಆಳಕ್ಕ ಇಳದ ಕಾರ್ಬನ್ ಅಷ್ಟಕ್ಕಷ್ಟ. ಕಬ್ಬಿಣ ಹಾಕಿ ಹವಾಮಾನ ಸರಿ ಮಾಡ್ತೇವಿ ಅನ್ನೂ ಮಾತಿಗೆ ಅಲ್ಲಿಗೆ ಭಾಳಷ್ಟು ತಣ್ಣೀರು ಬಿತ್ತು. ನನ್ನ ಪ್ರಕಾರ ಬಿದ್ದಿದ್ದು ಚೊಲೋ ಆತು.

ಬ್ಯಾಸಿಗ್ಯಾಗ ನೀವು ಕಾರವಾರ, ಗೋವಾ ಕಡೆ ಹೋದ್ರ, ಫೆಬ್ರವರಿಯಿಂದ ಮೇ ಒಳಗ, ಟ್ರೈಕೊಡೆಸ್ಮಿಯಂ ಅನ್ನೂದು ಕಾಣಬಹುದು, ನೀರ ಮ್ಯಾಲ ಕಟಗಿ ಹೊಟ್ಟು ಚೆಲ್ಲಿದಂಗ ಕಂದು ಪಟ್ಟಿ. ಇದು ಗಾಳಿಯಾಗಿನ ನೈಟ್ರೋಜನ್ ಹಿಡಿಯೂ ಜಾತಿ, ಆ ಕೆಲಸದ ಎನ್‌ಜೈಮಿಗೆ ಕಬ್ಬಿಣಾನೂ ಮಾಲಿಬ್ಡಿನಂ ಕೂಡ ಬೇಕು. ಮಾಲಿಬ್ಡಿನಂ ಸಮುದ್ರದಾಗ ಲೀಟರಿಗೆ 10 ಮೈಕ್ರೊಗ್ರಾಂ ಇರತೈತಿ, ಅದರ ಚಿಂತಿ ಇಲ್ಲ. ಕಬ್ಬಿಣದ್ದ ಚಿಂತಿ, ಅದಕ್ಕ ಇದು ಮಾಡೂ ಉಪಾಯ ನೋಡ್ರಿ: ಅರಬಸ್ತಾನ, ಥಾರ್ ಕಡಿಂದ ಹಾರಿ ಬಂದ ಧೂಳಿನ ಕಣ ಮೈಗೆ ಬಿತ್ತಂದ್ರ, ಎಳಿ ಎಳಿ ಕೂಡಿ ಉಂಡಿ ಆಗಿರೂ ಇದರ ಗುಂಪು ಆ ಕಣಾನ ಹೊರಗಿಂದ ಸರಿಸಿ ಸರಿಸಿ ನಟ್ಟ ನಡುವಕ್ಕ ಒಯ್ದು ಇಟ್ಕೊಂಡು, ಅಲ್ಲಿ ನಿಧಾನಕ್ಕ ಅದ್ರಾಗಿನ ಕಬ್ಬಿಣ ಕರಗಿಸಿ ತಗೋತೈತಿ. ಕೆಂಪು ಸಮುದ್ರದ ಟ್ರೈಕೊಡೆಸ್ಮಿಯಂ ಹಿಡದು 2011ರಾಗ ಇದನ್ನ ತೋರಿಸಿದ್ರು. ಅಂದ್ರ ಬ್ಲೂಮ್ ಯಾವಾಗ್ಲೂ ನೀರಾಗಿನ ಕರಗಿದ ಲೋಹ ಕಡಿಮಿ ಮಾಡತೈತಿ ಅಂತಿಲ್ಲ, ಧೂಳಿನಿಂದ ಕರಗಿಸಿ ಹೆಚ್ಚು ಮಾಡೂದೂ ಐತಿ.

ಇನ್ನ ಪಾಚಿ ಜೋರಾದಾಗ ನೀರಾಗಿನ ಕಾರ್ಬನ್ ಡೈಆಕ್ಸೈಡ್ ಖಾಲಿಯಾಗಿ ಪಿಎಚ್ ಏರತೈತಿ, 8.5 ದಾಟಿದ್ದೂ ಐತಿ, ಆಗ ಕಣಕ್ಕ ಅಂಟೂ ಲೋಹ ಇನ್ನೂ ಗಟ್ಟಿ ಅಂಟತೈತಿ. ಫಿಯೊಸಿಸ್ಟಿಸ್ ಅಂತ ಲೋಳಿ ಉಂಡಿ ಕಟ್ಟೂ ಪಾಚಿ ಐತಿ, ಅದರ ಲೋಳಿಯೊಳಗ ಪಿಎಚ್ ಏರಿ ಮ್ಯಾಂಗನೀಸ್ ಅಲ್ಲೇ ಕಂದು ಆಕ್ಸೈಡಾಗಿ ಕುಂದರತೈತಿ.

ಖರೇ ಆಟ ಪಾಚಿ ಸತ್ತ ಮ್ಯಾಲ. ಸತ್ತಿದ್ದು ತಳಕ್ಕ ಇಳದು ಕೊಳೀತೈತಿ, ಬ್ಯಾಕ್ಟೀರಿಯಾ ಆಕ್ಸಿಜನ್ ತಿಂದು ಮುಗಸತಾವ. ನಮ್ಮ ಪಶ್ಚಿಮ ದಂಡಿ ನೀರಿಗೆ ಮಳಿಗಾಲದಾಗ ಏರಿ ಬರೂ ಆಳದ ನೀರಾಗ ಮೊದ್ಲ ಆಕ್ಸಿಜನ್ ಕಡಿಮಿ, ಮ್ಯಾಲ ಇದು ಬ್ಯಾರೆ, ಹಂಗಾಗಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ತಳದ ನೀರಾಗ ಆಕ್ಸಿಜನ್ ಇಲ್ಲದಂಗ ಆಗತೈತಿ. ಗೋವಾದ ಕ್ಯಾಂಡೋಲಿಂ ಎದುರಿಗೆ ಎನ್‌ಐಓ ದವರು 1997ರಿಂದ ಇದನ್ನ ಅಳೀತಾ ಬಂದಾರ. ಆಕ್ಸಿಜನ್ ಹೋದ ಮ್ಯಾಲ ಲೋಹದ ಲೆಕ್ಕ ಉಲ್ಟಾ ಹೊಡಿತೈತಿ. ತಳದ ಮಣ್ಣಾಗ ಕಂದು ಆಕ್ಸೈಡಾಗಿ ಕುಂತಿದ್ದ ಮ್ಯಾಂಗನೀಸ್ ಮೊದ್ಲ ಕರಗತೈತಿ, ಆಮ್ಯಾಲ ತುಕ್ಕಿನ ಕಬ್ಬಿಣ ಫೆರಸ್ ಆಗಿ ಕರಗಿ ನೀರಿಗೆ ಬರತೈತಿ, ತುಕ್ಕಿಗೆ ಅಂಟಿಕೊಂಡಿದ್ದ ಫಾಸ್ಫೇಟ್ ಸುದ್ದಾ ಬಿಡುಗಡಿ. ಇನ್ನೂ ಮುಂದ ಹೋಗಿ ಕೊಳತ ತತ್ತಿ ವಾಸನಿ ಬರೂ ಹೈಡ್ರೋಜನ್ ಸಲ್ಫೈಡ್ ಹುಟ್ಟಿದ್ರ, ಕ್ಯಾಡ್ಮಿಯಂ, ತಾಮ್ರ, ಝಿಂಕ್ ಸಲ್ಫೈಡಾಗಿ ಗಟ್ಟಿ ಆಗಿ ಮಣ್ಣಾಗ ಸಿಕ್ಕಿ ಬೀಳತಾವ, ಮಾಲಿಬ್ಡಿನಂ ಸುದ್ದಾ ಮಣ್ಣು ಸೇರತೈತಿ. ಒಂದ ಪಾಚಿ, ಒಂದ ತಳ, ಆದ್ರ ಒಂದು ಲೋಹ ಹೊರಗ ಬರೂ ಹೊತ್ತಿಗೆ ಇನ್ನೊಂದು ಒಳಗ ಹೊಕ್ಕೈತಿ. ನವೆಂಬರದಾಗ ಗಾಳಿ, ಪ್ರವಾಹ ತಿರುಗಿ ಆಕ್ಸಿಜನ್ ವಾಪಸ್ ಬಂದ್ರ ಕಬ್ಬಿಣ ತಿರಗಿ ತುಕ್ಕು, ಸಲ್ಫೈಡ್ ಒಂದಿಷ್ಟು ತಿರಗಿ ಕರಗತೈತಿ.

ಈಗ ಮೀನಿನ ಮಾತಿಗೆ ಬರ್ತೇನಿ, ನಿಮಗ ಬೇಕಾಗಿದ್ದು ಅದ. ಪಾಚಿ ತಿನ್ನೂ ಕೋಪಿಪಾಡ್ ಅಂತ ಅಕ್ಕಿ ಕಾಳಿಗಿಂತ ಸಣ್ಣ ಹುಳ ಇರತಾವ. 1991ರಾಗ ಡಯಾಟಮಿಗೆ ಬ್ಯಾರೆ ಬ್ಯಾರೆ ಧಾತು ತಿನ್ನಿಸಿ ಅದನ್ನ ಕೋಪಿಪಾಡಿಗೆ ಹಾಕಿ ನೋಡಿದಾಗ ತಿಳದಿದ್ದು ಇಷ್ಟ: ಜೀವಕೋಶದ ಒಳಗಿನ ರಸದಾಗ ಇರೂದು ಹುಳದ ಮೈಗೆ ಹತ್ತತೈತಿ, ಹೊರಗಿನ ಚಿಪ್ಪಿಗೆ ಅಂಟಿದ್ದು ಹಿಕ್ಕಿಯಾಗ ಹೊರಗ ಬೀಳತೈತಿ. ಝಿಂಕ್, ಸೆಲೆನಿಯಂ ಒಳಗ ಇರತಾವ, ಮೈ ಸೇರತಾವ, ಸೀಸದಂಥಾವು ಬಹುತೇಕ ಹೊರಗ ಅಂಟಿರ್ತಾವ, ಹಿಕ್ಕಿ ಜೋಡಿ ದಿನಕ್ಕ ನೂರಾರು ಮೀಟರ್ ತನಕ ಇಳದು ಹೊಕ್ಕಾವ. ಇನ್ನೊಂದು, ಬ್ಲೂಮಿನ್ಯಾಗ ಪಾಚಿ ಸಂಖ್ಯಾ ಹೆಚ್ಚು, ಲೋಹ ಅಷ್ಟ, ಹಂಚಿಕೊಂಡ್ರ ಒಂದೊಂದು ಪಾಚಿಗೆ ಬರೂ ಪಾಲು ಕಡಿಮಿ. 2002ರಾಗ ಸಿಹಿನೀರಿನ ಟ್ಯಾಂಕಿನ್ಯಾಗ ಮಿಥೈಲ್ ಪಾದರಸದ ಮ್ಯಾಲ ಮಾಡಿದ ಪ್ರಯೋಗದಾಗ, ಪಾಚಿ ಹೆಚ್ಚಿದ್ದ ಟ್ಯಾಂಕಿನ ಹುಳದಾಗ ಪಾದರಸ ಕಡಿಮಿ ಬಂತು. ಹಂಗಾಗಿ ಬ್ಲೂಮ್ ಬಂದೈತಿ, ಅದಕ್ಕ ಬಂಗಡಿ, ತಾರ್ಲಿಯಾಗ ಲೋಹ ತುಂಬೈತಿ ಅನ್ನೂ ಎರಡನೇ ದೋಸ್ತನ ಉಳದರ್ಧ ಮಾತಿಗೆ ಬುಡ ಇಲ್ಲ. ಈ ಮೀನಿನ ಮಾಂಸದಾಗ ಒಂದು ವಾರದ ಬ್ಲೂಮಿಗೆ ಲೋಹ ಏರಂಗಿಲ್ಲ, ಲೋಹದ ಅಂಜಿಕಿಗೆ ಮೀನ ಬಿಡಬ್ಯಾಡ್ರಿ, ದಂಡಿಗೆ ತಾನ ಸತ್ತು ಬಿದ್ದಿದ್ದನ್ನ ಮಾತ್ರ ಮುಟ್ಟಬ್ಯಾಡ್ರಿ. ನಾಕ್ಟಿಲೂಕಾ ಹತ್ರ ಮೀನ ಸತ್ರ ಅದಕ್ಕ ಕಾರಣ ಲೋಹ ಅಲ್ಲ, ಅದರ ಹೊಟ್ಯಾಗಿನ ಅಮೋನಿಯಾ ಮತ್ತ ಆಕ್ಸಿಜನ್ ಕೊರತಿ.

ಚಿಪ್ಪಿಕಲ್ಲು, ಕಲ್ವಾ (ಆಯ್ಸ್ಟರ್) ಮಾತ್ರ ಬ್ಯಾರೆ ಲೆಕ್ಕ. ಅವು ದಿನವಿಡೀ ನೀರು ಸೋಸಿ ಪಾಚಿ ತಿನ್ನೂವು, ಕಲ್ವಾದಾಗ ಝಿಂಕ್, ತಾಮ್ರ ಬ್ಲೂಮ್ ಇರಲಿ ಬಿಡಲಿ ಹೆಚ್ಚ ಇರತೈತಿ. ಬ್ಲೂಮ್ ಹೊತ್ತಿನ್ಯಾಗ ಅವನ್ನ ಬಿಡೂದು ಚೊಲೋ, ಆದ್ರ ಕಾರಣ ಪಾಚಿ ವಿಷ. 1987ರಾಗ ಕೆನಡಾದಾಗ ಇಂಥಾ ಚಿಪ್ಪಿಕಲ್ಲು ತಿಂದು ನೂರಕ್ಕಿಂತ ಹೆಚ್ಚು ಮಂದಿ ಹಾಸಿಗಿ ಹಿಡದ್ರು, 3 ಮಂದಿ ಸತ್ರು, ಸೂಡೊ-ನಿಟ್ಶಿಯಾ ಅನ್ನೂ ಡಯಾಟಮಿನ ಡೊಮೊಯಿಕ್ ಆಮ್ಲ ಅದು, ಕುದಿಸಿದ್ರೂ ಹೋಗಂಗಿಲ್ಲ. ಈ ಆಮ್ಲ ಕಬ್ಬಿಣ, ತಾಮ್ರ ಎರಡನ್ನೂ ಹಿಡಕೋತೈತಿ, ಲ್ಯಾಬಿನ್ಯಾಗ ಕಬ್ಬಿಣ ಕಡಿಮಿ ಮಾಡಿದ್ರೂ, ತಾಮ್ರ ಹೆಚ್ಚು ಮಾಡಿದ್ರೂ ಆ ಪಾಚಿ ವಿಷ ಹೆಚ್ಚು ತಯಾರಿಸತೈತಿ. ಅಂದ್ರ ಲೋಹ ನಿಮ್ಮ ತಾಟಿಗೆ ನೇರ ಬರದಿದ್ರೂ ವಿಷ ಎಷ್ಟು ಅನ್ನೂದ್ರಾಗ ಅದರ ಕೈ ಇರಬಹುದು.

ಉಳದಿದ್ದು ನಿಮ್ಮ ಮಗಳ ಪ್ರಾಜೆಕ್ಟ್. ನೀರು ಬಾಟ್ಲಿ ತುಂಬಿ ತಂದು ಕರಗಿದ ಲೋಹ ಅಳಿಯೂದು ನಡಿಯಂಗಿಲ್ರಿ, ನೇರ ಹೇಳ್ತೇನಿ. 1970ರ ದಶಕದ ತನಕ ದೊಡ್ಡ ದೊಡ್ಡ ಲ್ಯಾಬಿನವರು ಅಳದ ಸಮುದ್ರದ ಸೀಸ, ಝಿಂಕಿನ ಲೆಕ್ಕ ಹತ್ತರಿಂದ ಸಾವಿರ ಪಟ್ಟು ತಪ್ಪಿತ್ತು, ಅವ್ರು ಅಳದಿದ್ದು ಹಡಗಿನ ತುಕ್ಕು, ಹಗ್ಗದ ಗ್ರೀಸು, ಬಾಟ್ಲಿ ಹೊಲಸು. ಬೋಟಿನ ತಳಕ್ಕ ಬಳಿಯೂ ಬಣ್ಣದಾಗ ತಾಮ್ರ, ತುಕ್ಕು ಹಿಡೀಬಾರ್ದಂತ ಕಟ್ಟೂ ಗಟ್ಟಿಯಾಗ ಝಿಂಕ್, ಕೈಗೆ ಹಾಕೂ ಗ್ಲೌಸಿನ ಪುಡ್ಯಾಗ ಝಿಂಕ್, ಮುಖಕ್ಕ ಹಚ್ಚೂ ಸನ್‌ಸ್ಕ್ರೀನಿನ್ಯಾಗೂ ಝಿಂಕ್. ಅದರ ಮ್ಯಾಲ 35 ಗ್ರಾಂ ಉಪ್ಪಿನ ನಡುವ ನ್ಯಾನೊಗ್ರಾಂ ಹುಡುಕೂದು ಕಾಲೇಜಿನ್ಯಾಗ ಲೋಹ ಅಳಿಯೂ ಎಎಎಸ್ ಮಷಿನ್ನಿಗೆ ಆಗೂ ಮಾತಲ್ಲ, ಉಪ್ಪು ಬ್ಯಾರೆ ಮಾಡಿ, ಲೋಹ ಸಾಂದ್ರ ಮಾಡಿ, ಧೂಳಿಲ್ಲದ ಕೋಣ್ಯಾಗ ಮಾಡಬೇಕು.

ಅದರ ಬದ್ಲಿ ಆಕಿಗೆ ಕಲ್ವಾ ಇಲ್ಲಾಂದ್ರ ಬಂಡಿಗಲ್ಲಿಗೆ ಹತ್ತೂ ಅಲ್ವಾ ಅನ್ನೂ ಹಸರು ಕಡಲಕಳೆ ತಗೋಂಡು ಮಾಡಾಕ ಹೇಳ್ರಿ. ಅದ್ರಾಗ ಝಿಂಕ್, ತಾಮ್ರ, ಮ್ಯಾಂಗನೀಸ್, ಕಬ್ಬಿಣ ಗ್ರಾಮಿಗೆ ಮೈಕ್ರೊಗ್ರಾಂ ಲೆಕ್ಕದಾಗ ಇರತಾವ, ಸಾದಾ ಫ್ಲೇಮ್ ಎಎಎಸ್ ಸಾಕು. ಒಂದ ಜಾಗಾದ್ದ, ಒಂದ ಅಳತಿವು, ಮೇ ತಿಂಗಳದಾಗ ಒಮ್ಮೆ, ಅಕ್ಟೋಬರದಾಗ ಒಮ್ಮೆ, ಡಿಸೆಂಬರದಾಗ ಒಮ್ಮೆ ತರ್ಲಿ. ಸ್ಟೀಲ್ ಚಾಕು ಬ್ಯಾಡ, ಪ್ಲಾಸ್ಟಿಕ್ ಇಲ್ಲಾ ಸೆರಾಮಿಕ್ ಚಾಕು ತಗೋಳ್ಳಿ, ಡಬ್ಬಿ ನೈಟ್ರಿಕ್ ಆಮ್ಲದಾಗ ನೆನಸಿ ತೊಳದಿರ್ಲಿ. ಕಲ್ವಾ ಆದ್ರ ತಂದ ಕೂಡ್ಲೇ ಒಡೀಬಾರ್ದು, ಸೋಸಿದ ಸಮುದ್ರದ ನೀರಾಗ ಒಂದು ದಿನ ಜೀವಂತ ಬಿಡಬೇಕು, ಹೊಟ್ಯಾಗಿನ ಮಣ್ಣು ಹೊರಗ ಹಾಕ್ಲಿ, ಇಲ್ಲಾಂದ್ರ ಆಕಿ ಕಲ್ವಾದ ಕಬ್ಬಿಣದ ಬದ್ಲಿ ಕಾರವಾರದ ಕೆಸರಿನ ಕಬ್ಬಿಣ ಅಳಿತಾಳ. ಜೋಡಿಲೆ ಅಲ್ಯೂಮಿನಿಯಂ ಸುದ್ದಾ ಅಳಿಯಾಕ ಹೇಳ್ರಿ, ಅದು ಹೆಚ್ಚು ಬಂತಂದ್ರ ಮಣ್ಣು ಉಳದೈತಿ ಅಂತ ತಿಳೀತೈತಿ, ಆ ಸ್ಯಾಂಪಲ್ ಬಿಟ್ಟುಬಿಡಬೇಕು.